ಮೈಲಿ 0ಯಿಂದ ಮೈಲಿ 50ರವರೆಗೆ: ನನ್ನ ಅನುಭವ

ಅಮೆರಿಕದ ವರ್ಜೀನಿಯಾದ ನಾರ್ಫೋಕ್ ಬಂದರಿನಲ್ಲಿ, ಎಲಿಜಬೆತ್ ನದಿಯ ಮೇಲೆ ತೇಲುವ 36ನೇ ಸಂಖ್ಯೆಯ ಕೆಂಪು ಬೋಯಿಯ (ದೋಣಿಗಳಿಗೆ ದಾರಿ ತೋರುವ ತೇಲುಗುರುತು) ಬಳಿ, ಅಟ್ಲಾಂಟಿಕ್ ಇಂಟ್ರಾಕೋಸ್ಟಲ್ ವಾಟರ್‌ವೇಯ ಮೈಲಿ ಎಣಿಕೆ ಆರಂಭವಾಗುತ್ತದೆ. ನದಿ, ಕಾಲುವೆ, ಹಿನ್ನೀರುಗಳನ್ನು ಒಂದಕ್ಕೊಂದು ಹೊಸೆದು ಮಾಡಿದ ಈ ಒಳನಾಡಿನ ಜಲಮಾರ್ಗದಲ್ಲಿ ಮಯಾಮಿ ಅಲ್ಲಿಂದ ಸುಮಾರು 1,090 ಮೈಲಿ ದೂರ. ಕೆಲವು ವರ್ಷಗಳ ಹಿಂದೆ ಅಕ್ಟೋಬರ್ ತಿಂಗಳಲ್ಲಿ, ಸ್ನೇಹಿತನ 36 ಅಡಿಯ ಟ್ರಾಲರ್ ಮಾದರಿಯ ದೋಣಿಯನ್ನು ಅದರ ಮೊದಲ 50 ಮೈಲಿ ದಕ್ಷಿಣಕ್ಕೆ ನಾನೇ ಚುಕ್ಕಾಣಿ ಹಿಡಿದು ನಡೆಸಿದೆ. ಒಂದೇ ಡೀಸೆಲ್ ಎಂಜಿನ್, ನೀರಿನೊಳಗೆ 4 ಅಡಿ ಆಳ, ವೇಗ ಗಂಟೆಗೆ 8 ಮೈಲಿ. ಇದು ನೆಲದ ಮೈಲಿಯ ಲೆಕ್ಕ. ಈ ಜಲಮಾರ್ಗದ ನಕಾಶೆಗಳಲ್ಲಿ ನಾಟಿಕಲ್ ಮೈಲಿ ಬಳಸುವುದಿಲ್ಲ.

ಲೆಕ್ಕದ ಪ್ರಕಾರ ಆರೂಕಾಲು ಗಂಟೆಯ ದಾರಿ, ಆದರೆ ನಮಗೆ ಹಿಡಿದದ್ದು ಹತ್ತು ಗಂಟೆ. 1805ರಲ್ಲಿ ತೆರೆದ ಡಿಸ್ಮಲ್ ಸ್ವಾಂಪ್ ಕಾಲುವೆಯ ದಾರಿಯೂ ಇದೆ, ನೋಡಲು ಅದೇ ಚೆಂದವಂತೆ. ಆದರೆ ಅಲ್ಲಿ ನೀರು ಕಡಿಮೆ. ಹಾಗಾಗಿ ನಾವು 1859ರ ಆಲ್ಬೆಮಾರ್ಲ್ ಆಂಡ್ ಚೆಸಪೀಕ್ ಕಾಲುವೆಯನ್ನು ಆರಿಸಿಕೊಂಡೆವು.

ಈ ದಾರಿಯಲ್ಲಿ ಚುಕ್ಕಾಣಿಗಿಂತ ಕೈಗಡಿಯಾರವನ್ನೇ ಹೆಚ್ಚು ನೋಡಬೇಕಾಗುತ್ತದೆ. ಸುಮಾರು 12ನೇ ಮೈಲಿಯಲ್ಲಿರುವ ಗ್ರೇಟ್ ಬ್ರಿಜ್ ಸೇತುವೆ ದೋಣಿಗಳಿಗೆ ದಾರಿ ಬಿಡಲು ಹಗಲಿನಲ್ಲಿ ಗಂಟೆಗೊಮ್ಮೆ ಮಾತ್ರ ತೆರೆಯುತ್ತದೆ. 15ನೇ ಮೈಲಿಯ ಸೆಂಟರ್‌ವಿಲ್ ಸೇತುವೆ ಮತ್ತು 20ನೇ ಮೈಲಿಯ ನಾರ್ತ್ ಲ್ಯಾಂಡಿಂಗ್ ಸೇತುವೆ ನಾವು ಹೋದಾಗ ಅರ್ಧ ಗಂಟೆಗೊಮ್ಮೆ ತೆರೆಯುತ್ತಿದ್ದವು. ಮೊದಲ ಎರಡರ ನಡುವಿನ ಮೂರು ಚಿಲ್ಲರೆ ಮೈಲಿಯನ್ನು ಅರ್ಧ ಗಂಟೆಯಲ್ಲಿ ಮುಗಿಸುವುದು ಸಲೀಸು. ತೊಡಕಿರುವುದು ಅದರ ಮುಂದಿನ ಐದು ಮೈಲಿಯಲ್ಲಿ. ಅದನ್ನು ಅರ್ಧ ಗಂಟೆಯಲ್ಲಿ ದಾಟಲು ಗಂಟೆಗೆ 10 ಮೈಲಿ ವೇಗ ಬೇಕು, ನಮ್ಮ ದೋಣಿಗೆ ಅಷ್ಟು ತ್ರಾಣವಿಲ್ಲ. ನೇರ ಓಡಿಸಿದರೆ ಸೇತುವೆ ಮುಚ್ಚಿದ ಏಳೆಂಟು ನಿಮಿಷಕ್ಕೆ ತಲುಪಿ, ಇಕ್ಕಟ್ಟಾದ ಕಾಲುವೆಯಲ್ಲಿ ಗಾಳಿಗೆ ಅಡ್ಡ ತಿರುಗುವ ದೋಣಿಯನ್ನು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಬೇಕು. ಕಾಲುವೆಯ ಅಂಚಿನಲ್ಲಿ ನೀರೊಳಗೆ ಹಳೆಯ ಮರದ ಬುಡಗಳಿರುವುದರಿಂದ ಬದಿಗೆ ಸರಿಯುವಂತೆಯೂ ಇಲ್ಲ. ಆದ್ದರಿಂದ ಆ ಐದು ಮೈಲಿಗೆ ಪೂರ್ತಿ ಒಂದು ಗಂಟೆ ತೆಗೆದುಕೊಂಡು, ಗೇರಿಗೆ ಹಾಕಿ ತೆಗೆದು ಮಾಡುತ್ತಾ ತೆವಳುವುದೇ ಮೇಲೆಂದು ನಿರ್ಧರಿಸಿದೆ.

ಅದಕ್ಕೂ ಮೊದಲೇ ಆರನೇ ಮೈಲಿಯ ಹತ್ತಿರ, ಸಾಮಾನ್ಯವಾಗಿ ಎತ್ತಿಯೇ ಇರುವ ರೈಲು ಸೇತುವೆಯೊಂದು ಗೂಡ್ಸ್ ಗಾಡಿಗಾಗಿ ಕೆಳಗಿಳಿದು ನಮ್ಮ ಮುಕ್ಕಾಲು ಗಂಟೆ ತಿಂದಿತ್ತು. ಬೆಳಗ್ಗೆ ಆರೂವರೆಗೆ ಹೊರಟಿದ್ದರೂ ಗ್ರೇಟ್ ಬ್ರಿಜ್ ಒಂಬತ್ತಕ್ಕೆ ತೆರೆದದ್ದು ತಪ್ಪಿ ಹತ್ತರದು ಸಿಕ್ಕಿತು.

ಗ್ರೇಟ್ ಬ್ರಿಜ್‌ಗೆ ಮುಂಚೆ ಸಿಗುವ ಲಾಕ್, ಅಂದರೆ ಎರಡೂ ತುದಿಗೆ ಬಾಗಿಲಿದ್ದು ಒಳಗಿನ ನೀರನ್ನು ಏರಿಸಿ ಇಳಿಸುವ ಕಟ್ಟೆ, 600 ಅಡಿ ಉದ್ದವಿದ್ದರೂ ದೋಣಿಯನ್ನು ಎತ್ತುವುದು ಎರಡು ಮೂರು ಅಡಿಯಷ್ಟೇ; ಕಡಲಿನ ಉಪ್ಪು ನೀರನ್ನು ಒಳಗಿನ ಸಿಹಿ ನೀರಿಗೆ ನುಗ್ಗದಂತೆ ತಡೆಯುವುದು ಅದರ ಮುಖ್ಯ ಕೆಲಸ. ಗೋಡೆಯ ಗೂಟಕ್ಕೆ ಹಗ್ಗ ಸುತ್ತಿದ ಮೇಲೆ ಅದರ ತುದಿಯನ್ನು ದೋಣಿಗೆ ಕಟ್ಟಿಬಿಡಬಾರದು, ಕೈಯಲ್ಲೇ ಹಿಡಿದು ನೀರು ಏರಿದಂತೆಲ್ಲ ಸಡಿಲವನ್ನು ಎಳೆದುಕೊಳ್ಳುತ್ತಿರಬೇಕು. ಹಿಂದಿನ ಹಗ್ಗದ ಕಡೆ ನಾನು ಗಮನ ಕೊಡದೆ, ದೋಣಿಯ ಹಿಂಭಾಗ ಗೋಡೆಯಿಂದ ದೂರ ತೇಲಿ, ಪಕ್ಕದ ಹಾಯಿದೋಣಿಯ ಅಜ್ಜನೊಬ್ಬ ಕಾಲು ಚಾಚಿ ನಮ್ಮನ್ನು ತಡೆಯಬೇಕಾಯಿತು.

ನಾರ್ತ್ ಲ್ಯಾಂಡಿಂಗ್ ದಾಟಿದ ಮೇಲೆ ವೇಗದ ದೋಣಿಗಳು ಹಿಂದಿನಿಂದ ಬರತೊಡಗಿದವು. ರೇಡಿಯೋದಲ್ಲಿ ‘ಒಂದು ಸೀಟಿ’ ಎಂದರೆ ಅವರು ನಮ್ಮ ಬಲಕ್ಕೆ ಹಾದುಹೋಗುತ್ತಾರೆಂದು ಅರ್ಥ. ಆಗ ವೇಗ ತಗ್ಗಿಸಬೇಕಾದವರು ಅವರಷ್ಟೇ ಅಲ್ಲ, ನಾವೂ ತಗ್ಗಿಸಬೇಕು. ನಾವು ಎಂಟು ಮೈಲಿಯಲ್ಲೇ ಓಡುತ್ತಿದ್ದರೆ ನಮ್ಮನ್ನು ಹಿಂದಿಕ್ಕಲು ಅವರು ದೊಡ್ಡ ಅಲೆ ಎಬ್ಬಿಸಲೇಬೇಕಾಗುತ್ತದೆ. ಇದು ಗೊತ್ತಿಲ್ಲದೆ ಮೊದಲ ಇಬ್ಬರಿಗೆ ನಾನು ಮನಸ್ಸಿನಲ್ಲೇ ಶಾಪ ಹಾಕಿದ್ದೆ.

ನಾರ್ತ್ ಲ್ಯಾಂಡಿಂಗ್ ನದಿ ಅಗಲವಾಗಿ ಕರಿಟಕ್ ಸೌಂಡ್ ಎಂಬ ವಿಶಾಲ ಹಿನ್ನೀರಿಗೆ ಸೇರುವಲ್ಲಿ ಎಲ್ಲಿ ನೋಡಿದರೂ ನೀರು, ಆದರೆ ಆಳವಿರುವುದು ಹೂಳೆತ್ತಿದ ಒಂದು ಪಟ್ಟಿಯಲ್ಲಿ ಮಾತ್ರ. ಇಲ್ಲಿ ನೀರಿನ ಮಟ್ಟ ಏರಿಳಿಯುವುದು ಭರತ ಇಳಿತಗಳಿಂದಲ್ಲ, ಗಾಳಿಯಿಂದ. ಉತ್ತರದ ಗಾಳಿ ಬೀಸಿದರೆ ನೀರು ದಕ್ಷಿಣಕ್ಕೆ ತಳ್ಳಿಸಿಕೊಂಡು ಹೋಗಿ ಆಳ ಕುಸಿಯುತ್ತದೆ. ಅಂದು ಬೆಳಗಿನಿಂದಲೂ ಈಶಾನ್ಯದ ಗಾಳಿಯಿತ್ತು. ದಕ್ಷಿಣಕ್ಕೆ ಹೋಗುವವರಿಗೆ ಕೆಂಪು ಗುರುತು ಬಲಕ್ಕಿರಬೇಕು. ಬೇರೆ ಜಲಮಾರ್ಗದ ಗುರುತುಗಳೊಡನೆ ಗೊಂದಲವಾದಲ್ಲಿ ಹಳದಿ ತ್ರಿಕೋನ ಬಲಕ್ಕೆ, ಹಳದಿ ಚೌಕ ಎಡಕ್ಕೆ. ಇವೆಲ್ಲ ನನಗೆ ಬಾಯಿಪಾಠವಾಗಿದ್ದವು. ಮುಂದಿನ ಕೆಂಪು ಗುರುತಿನ ಮೇಲೆಯೇ ಕಣ್ಣಿಟ್ಟು ಮೂತಿಯನ್ನು ನೇರ ಅದರ ಎಡಕ್ಕೆ ಹಿಡಿದಿದ್ದೆ. ಮೂತಿ ನೇರವಿದ್ದರೂ ಗಾಳಿ ಇಡೀ ದೋಣಿಯನ್ನು ಪಶ್ಚಿಮಕ್ಕೆ ಜಾರಿಸುತ್ತಿತ್ತು. ಆಳಮಾಪಕ 9, 7, 5 ಅಡಿ ಎಂದು ಇಳಿದದ್ದನ್ನು ನಾನು ಗಮನಿಸುವಷ್ಟರಲ್ಲಿ ದೋಣಿ ಮೆತ್ತಗೆ, ಸದ್ದೇ ಇಲ್ಲದೆ ನಿಂತಿತು.

ಗಂಗೊಳ್ಳಿಯ ಕಡೆ ನಾನು ಚಿಕ್ಕವನಿದ್ದಾಗ ಅಳಿವೆ ದಾಟುವ ದೋಣಿಯವರು ಮತ್ತೆ ಮತ್ತೆ ಹಿಂದೆ ತಿರುಗಿ ದಡದ ಎರಡು ತೆಂಗಿನ ಮರಗಳನ್ನು ನೋಡುತ್ತಿದ್ದರು. ಅವರು ಯಾಕೆ ಹಾಗೆ ನೋಡುತ್ತಿದ್ದರೆಂಬುದು ನನಗೆ ತಿಳಿದದ್ದು ಆ ಕೆಸರಿನಲ್ಲಿ. ದಾಟಿ ಬಂದ ಗುರುತು ಮತ್ತು ಮುಂದಿನ ಗುರುತಿನ ನಡುವಿನ ಗೆರೆಯ ಮೇಲೆ ನಾವಿದ್ದೇವೆಯೇ ಎಂಬುದು ಹಿಂದೆ ನೋಡದೆ ಗೊತ್ತಾಗುವುದಿಲ್ಲ.

ಹಿಂದಕ್ಕೆ ಎಳೆದೆ, ಕದಲಲಿಲ್ಲ. ಎಂಜಿನ್ನಿನ ಶಾಖದ ಮುಳ್ಳು ಏರತೊಡಗಿದ್ದರಿಂದ ಅದನ್ನು ಆರಿಸಿ ಮುಚ್ಚಳ ತೆಗೆದರೆ, ತಂಪು ನೀರಿನ ಜರಡಿಯಲ್ಲಿ ಕಪ್ಪು ಕೆಸರೂ ಜೊಂಡೂ ಸೇರಿ ಹುಣಸೆ ಹಣ್ಣಿನ ಮುದ್ದೆಯಂತೆ ಕೂತಿತ್ತು. ತೊಳೆದು ಹಾಕಿ, ಎಲ್ಲ ದೋಣಿಗಳೂ ಕಿವಿಗೊಟ್ಟಿರುವ ರೇಡಿಯೋದ ಹದಿನಾರನೇ ಚಾನೆಲ್‌ನಲ್ಲಿ ಕರೆದೆ. ಹಾದುಹೋಗುತ್ತಿದ್ದ ದೊಡ್ಡ ಮೋಟಾರು ದೋಣಿಯೊಂದು ನನ್ನ ಕೋರಿಕೆಯಂತೆಯೇ ಪಕ್ಕದಲ್ಲಿ ಜೋರಾಗಿ ಓಡಿ ಅಲೆ ಎಬ್ಬಿಸಿತು. ಎರಡನೇ ಅಲೆ ಎತ್ತಿದ ಕ್ಷಣಕ್ಕೆ ಹಿಮ್ಮುಖ ಗೇರು ಕೊಟ್ಟೆ, ಬಿಡಿಸಿಕೊಂಡೆವು.

50ನೇ ಮೈಲಿಯ ಕಾಯಿನ್‌ಜಾಕ್‌ನಲ್ಲಿ ಹಗ್ಗ ಕಟ್ಟಿದಾಗ ನಾಲ್ಕೂವರೆ ದಾಟಿತ್ತು. ಆ ಊರು ಇಲ್ಲಿ ಹೆಸರಾಗಿರುವುದು ತಟ್ಟೆ ತುಂಬುವ ದನದ ಮಾಂಸದ ಊಟಕ್ಕೆ; ಸ್ನೇಹಿತ ಅದಕ್ಕೆಂದೇ ಓಡಿದ. ನಾನು ಬೆಳಗ್ಗೆ ಕಲಸಿಟ್ಟಿದ್ದ ಚಿತ್ರಾನ್ನ ತಿನ್ನುತ್ತಾ, ಮರುದಿನ ದಾಟಬೇಕಿದ್ದ ಆಲ್ಬೆಮಾರ್ಲ್ ಸೌಂಡ್‌ನ ಗಾಳಿಯ ಮುನ್ಸೂಚನೆ ಕೇಳಲು ರೇಡಿಯೋ ಹಾಕಿ ಕೂತೆ.