ವಾಲ್ಯೂಮ್ ಮಾಡುವುದು ಸುಲಭ, ಸರ್ವರ್‌ಗೆ ಕೊಡುವಾಗ ಎಚ್ಚರ

ಸ್ಟೋರೇಜ್ ಅರೇ ಎಂದರೆ ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಸರ್ವರ್‌ಗಳಿಗೆ ಜಾಗ ಹಂಚುವ ಪೆಟ್ಟಿಗೆ. ಅದರಲ್ಲಿ ವಾಲ್ಯೂಮ್ (ಸರ್ವರ್‌ಗೆ ಒಂದು ಡಿಸ್ಕ್‌ನಂತೆ ಕಾಣುವ ತುಂಡು) ಮಾಡುವುದು ಹತ್ತು ನಿಮಿಷದ ಕೆಲಸ. ಡೇಟಾ ಹಾಳಾಗುವುದು ಆಮೇಲೆ, ಅದನ್ನು ಸರ್ವರ್‌ಗೆ ಮ್ಯಾಪ್ ಮಾಡುವಾಗ, ಅಂದರೆ ಅದು ಯಾವ ಸರ್ವರ್‌ಗೆ ಕಾಣಬೇಕೆಂದು ಹೇಳುವಾಗ. ಡಿಸ್ಕ್ ಆರಿಸಲು ಎರಡು ದಿನ ತಲೆ ಕೆಡಿಸಿಕೊಂಡವರೂ ಮ್ಯಾಪಿಂಗ್ ಪುಟದಲ್ಲಿ ಓದದೇ ‘ನೆಕ್ಸ್ಟ್’ ಒತ್ತುತ್ತಾರೆ. ಮೊದಲೆರಡು ಹಂತಗಳನ್ನು ಬೇಗ ಮುಗಿಸಿ ಅಲ್ಲಿಗೆ ಹೋಗೋಣ.

1. ಪೂಲ್

ಪೂಲ್ ಎಂದರೆ ಒಟ್ಟುಗೂಡಿಸಿದ ಡಿಸ್ಕ್‌ಗಳ ಗುಂಪು. 4 ಟಿಬಿಯ 8 ಡಿಸ್ಕ್‌ಗಳಿದ್ದರೆ ರೇಡ್ 6 ಹಾಕಿ, ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುತ್ತದೆ. ಎರಡು ಡಿಸ್ಕ್‌ನಷ್ಟು ಜಾಗ ಪ್ಯಾರಿಟಿಗೆ (ಕೆಟ್ಟ ಡಿಸ್ಕ್‌ನ ಡೇಟಾ ಮರಳಿ ಕಟ್ಟುವ ಲೆಕ್ಕಕ್ಕೆ) ಹೋಗಿ 24 ಟಿಬಿ ಉಳಿಯುತ್ತದೆ. ಪರದೆಯಲ್ಲಿ 21.8 ಎಂದು ಕಂಡರೆ ಏನೂ ಕಳೆದುಹೋಗಿಲ್ಲ: ಡಿಸ್ಕ್ ಮಾರುವವರದು 1000ದ ಲೆಕ್ಕ, ಅರೇಯದು 1024ರ ಲೆಕ್ಕ. ಇಷ್ಟು ದೊಡ್ಡ ಡಿಸ್ಕ್‌ಗಳಿಗೆ ರೇಡ್ 5 ಬೇಡವೇ ಬೇಡ. ಒಂದು ಕೆಟ್ಟರೆ ಉಳಿದ ಏಳನ್ನೂ ಪೂರ್ತಿ ಓದಿ ರೀಬಿಲ್ಡ್ ಮಾಡಬೇಕು. ಅಷ್ಟರಲ್ಲಿ ಇನ್ನೊಂದು ಕೈಕೊಟ್ಟರೆ ಪೂಲೇ ಹೋಯಿತು. ಒಂಬತ್ತನೆಯ ಡಿಸ್ಕನ್ನು ಹಾಟ್ ಸ್ಪೇರ್ (ಒಂದು ಕೆಟ್ಟಾಗ ತಾನೇ ಅದರ ಜಾಗಕ್ಕೆ ಬರುವ ಬಿಡಿ ಡಿಸ್ಕ್) ಆಗಿ ಇಡಿ. ಅಗ್ಗವೆಂದು ಎಸ್‌ಎಂಆರ್ ಡಿಸ್ಕ್ ತರಬೇಡಿ. ಅದರ ಟ್ರ್ಯಾಕ್‌ಗಳು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ, ಒಂದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ರೀಬಿಲ್ಡ್ ತೆವಳುತ್ತದೆ.

2. ವಾಲ್ಯೂಮ್

ಹೆಸರು, ಗಾತ್ರ ಕೊಟ್ಟರೆ ಮುಗಿಯಿತು. ಗಾತ್ರ ಚಿಕ್ಕದಾಗಿಯೇ ಇಡಿ. ಆಮೇಲೆ ಹಿಗ್ಗಿಸುವುದು ಸುಲಭ, ಕುಗ್ಗಿಸಲು ಹೆಚ್ಚಿನ ಅರೇಗಳು ಬಿಡುವುದಿಲ್ಲ. ಥಿನ್ ವಾಲ್ಯೂಮ್ (ಬರೆದಷ್ಟೇ ಜಾಗವನ್ನು ಪೂಲ್‌ನಿಂದ ತೆಗೆದುಕೊಳ್ಳುವಂಥದ್ದು) ಆರಿಸಿದರೆ ಪೂಲ್ 70 ಪ್ರತಿಶತ ತುಂಬಿದಾಗಲೇ ಇಮೇಲ್ ಬರುವಂತೆ ಅಲರ್ಟ್ ಹಾಕಿ. ಪೂಲ್ ತುಂಬಿ ಹೋದರೆ, ಸರ್ವರ್‌ನಲ್ಲಿ ಇನ್ನೂ ಜಾಗವಿದೆ ಎಂದು ತೋರಿಸುತ್ತಿದ್ದರೂ ಬರೆಯಲು ಆಗುವುದಿಲ್ಲ.

3. ಮ್ಯಾಪಿಂಗ್

ಇಲ್ಲಿ ನಿಧಾನ. ಐ-ಸ್ಕಸಿಯಲ್ಲಿ (ಸಾಮಾನ್ಯ ನೆಟ್‌ವರ್ಕ್ ಮೂಲಕವೇ ಡಿಸ್ಕ್ ಕೊಡುವ ವಿಧಾನ) ಅರೇಗೆ ಸರ್ವರ್‌ನ ಗುರುತು ಅದರ ಇನಿಷಿಯೇಟರ್ ಹೆಸರು. ಸ್ಟೋರೇಜ್‌ಗೆಂದೇ ಇರುವ ಫೈಬರ್ ಚಾನೆಲ್ ನೆಟ್‌ವರ್ಕ್‌ನಲ್ಲಾದರೆ ಕಾರ್ಡ್‌ನ ಡಬ್ಲ್ಯುಡಬ್ಲ್ಯುಪಿಎನ್ ಎಂಬ ವಿಳಾಸ. ಆ ಹೆಸರನ್ನು ಸರ್ವರ್‌ನಿಂದಲೇ ನಕಲಿಸಿ ಹಾಕಿ, ಕೈಯಲ್ಲಿ ಟೈಪ್ ಮಾಡಬೇಡಿ. ಕ್ಲೋನ್ ಮಾಡಿದ ಲಿನಕ್ಸ್ ಸರ್ವರ್‌ಗಳಲ್ಲಿ ಐ-ಸ್ಕಸಿ ಇನಿಷಿಯೇಟರ್ ಹೆಸರೂ ಕ್ಲೋನ್ ಆಗಿರುತ್ತದೆ! ಆಗ ಎರಡು ಸರ್ವರ್‌ಗಳು ಅರೇಯ ಕಣ್ಣಿಗೆ ಒಂದೇ. ಮೊದಲು ಒಂದರ ಹೆಸರು ಬದಲಿಸಿ.

ಒಂದು ವಾಲ್ಯೂಮ್, ಒಂದೇ ಸರ್ವರ್. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಎನ್‌ಟಿಎಫ್‌ಎಸ್‌ನಂಥ ಸಾಮಾನ್ಯ ಫೈಲ್ ಸಿಸ್ಟಮ್ ಇರುವ ವಾಲ್ಯೂಮನ್ನು ಎರಡು ಸರ್ವರ್‌ಗಳು ಒಟ್ಟಿಗೆ ಮೌಂಟ್ ಮಾಡಿದರೆ (ಬಳಕೆಗೆ ತೆರೆದರೆ), ಯಾವ ಬ್ಲಾಕ್ ಖಾಲಿ ಎಂಬ ಲೆಕ್ಕವನ್ನು ಪ್ರತಿಯೊಂದೂ ತನ್ನ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಒಂದು ಬರೆದದ್ದು ಇನ್ನೊಂದಕ್ಕೆ ಗೊತ್ತಿಲ್ಲ, ಅದೇ ಜಾಗಕ್ಕೆ ಅದೂ ಬರೆಯುತ್ತದೆ. ಎಷ್ಟೋ ಸಲ ಮೊದಲ ಕೆಲವು ದಿನ ಏನೂ ಗೊತ್ತಾಗುವುದಿಲ್ಲ, ಅದೇ ಅಪಾಯ. ಎರಡನೆಯದನ್ನು ರೀಡ್-ಓನ್ಲಿ ಮಾಡಿದರೆ ಸಾಕು ಎನ್ನುವುದೂ ತಪ್ಪು: ಇಎಕ್ಸ್‌ಟಿ4 ರೀಡ್-ಓನ್ಲಿ ಮೌಂಟ್‌ನಲ್ಲೂ ಜರ್ನಲ್ (ಪೂರ್ಣವಾಗದ ಬದಲಾವಣೆಗಳ ದಾಖಲೆ) ರೀಪ್ಲೇ ಮಾಡಬಹುದು, ಅಂದರೆ ಬರೆಯಬಹುದು. ಹಂಚಿಕೊಳ್ಳಲೇಬೇಕಿದ್ದರೆ ವಿಎಂಎಫ್‌ಎಸ್‌ನಂಥ ಕ್ಲಸ್ಟರ್ ಫೈಲ್ ಸಿಸ್ಟಮ್ ಬೇಕು. ಆಗ ಎಲ್ಲ ಸರ್ವರ್‌ಗಳನ್ನೂ ಒಂದು ಹೋಸ್ಟ್ ಗ್ರೂಪ್‌ಗೆ ಸೇರಿಸಿ, ಎಲ್ಲಕ್ಕೂ ಒಂದೇ ಲನ್ ಸಂಖ್ಯೆ (ಸರ್ವರ್‌ಗೆ ವಾಲ್ಯೂಮ್ ಕಾಣುವ ಸಂಖ್ಯೆ) ಕೊಡಿ. ‘ಎಲ್ಲ ಹೋಸ್ಟ್‌ಗಳಿಗೂ ತೋರಿಸು’ ಎಂಬ ಆಯ್ಕೆ ಕೆಲವು ಅರೇಗಳಲ್ಲಿದೆ, ಅದನ್ನು ಮುಟ್ಟಲೇಬೇಡಿ.

ಹೋಸ್ಟ್ ಟೈಪ್ ಕೇಳಿದಾಗ ಸರ್ವರ್‌ನ ಆಪರೇಟಿಂಗ್ ಸಿಸ್ಟಮನ್ನೇ ಆರಿಸಿ. ತಪ್ಪಿದರೆ ವಾಲ್ಯೂಮ್ ಅರೇಯ ಎರಡು ಕಂಟ್ರೋಲರ್‌ಗಳ ನಡುವೆ ಚೆಂಡಿನಂತೆ ಓಡಾಡಬಹುದು, ವೇಗ ಬೀಳುತ್ತದೆ.

4. ಮಲ್ಟಿಪಾತ್

ಸರ್ವರ್‌ನಿಂದ ವಾಲ್ಯೂಮ್‌ಗೆ ನಾಲ್ಕು ದಾರಿಗಳಿದ್ದರೆ, ಲಿನಕ್ಸ್‌ನಲ್ಲಿ ಒಂದೇ ವಾಲ್ಯೂಮ್ ಎಸ್‌ಡಿಬಿಯಿಂದ ಎಸ್‌ಡಿಇವರೆಗೆ ನಾಲ್ಕು ಡಿಸ್ಕ್ ಆಗಿ ಕಾಣುತ್ತದೆ. ನಾಲ್ಕು ಡಿಸ್ಕ್ ಬಂತೆಂದು ನಾಲ್ಕನ್ನೂ ಫಾರ್ಮ್ಯಾಟ್ ಮಾಡಲು ಹೊರಡಬೇಡಿ. ಆ ದಾರಿಗಳನ್ನು ಒಂದೇ ಡಿಸ್ಕ್ ಆಗಿ ಸೇರಿಸುವ ಮಲ್ಟಿಪಾತ್ ಸೇವೆ ಶುರು ಮಾಡಿ, ಅರೇಯ ಪುಟದಲ್ಲಿರುವ ವಾಲ್ಯೂಮ್ ಐಡಿಯ ಕೊನೆಯ ಆರು ಅಕ್ಷರಗಳನ್ನು ತಾಳೆ ನೋಡಿ, ಆ ಸೇವೆ ಕೊಡುವ ಮ್ಯಾಪರ್ ಹೆಸರನ್ನೇ ಬಳಸಿ. ಎಸ್‌ಡಿಬಿಯನ್ನೇ ಮೌಂಟ್ ಮಾಡಿದರೆ ಆ ಒಂದು ಕೇಬಲ್ ಕಳಚಿದ ದಿನ, ಮೂರು ದಾರಿ ನೆಟ್ಟಗಿದ್ದರೂ ಕೆಲಸ ನಿಲ್ಲುತ್ತದೆ.

ಐ-ಸ್ಕಸಿಯಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಇಡುವುದಾದರೆ ಸರ್ವರ್, ಸ್ವಿಚ್, ಅರೇ ಮೂರರಲ್ಲೂ ಇಡಿ. 8972 ಬೈಟ್‌ಗಳ ಪಿಂಗ್ ಅನ್ನು ಒಡೆಯದಂತೆ ಕಳಿಸಿ ನೋಡಿ. ಹೆಡರ್‌ಗಳ 28 ಸೇರಿ 9000 ಆಗುತ್ತದೆ. ಸಣ್ಣ ಪಿಂಗ್ ಹೋಗಿ ಇದು ಹೋಗದಿದ್ದರೆ, ಲಾಗಿನ್ ಆಗುತ್ತದೆ, ಆದರೆ ದೊಡ್ಡ ಕಾಪಿ ಅರ್ಧಕ್ಕೆ ನಿಲ್ಲುತ್ತದೆ.

ನಿಜವಾದ ಡೇಟಾ ಹಾಕುವ ಮೊದಲು ದೊಡ್ಡ ಫೈಲ್ ಕಾಪಿಗೆ ಹಚ್ಚಿ ಒಂದು ಕೇಬಲ್ ಕಿತ್ತು ನೋಡಿ. ತುಸು ತಡೆದು ಮುಂದುವರಿಯಬೇಕು.

5. ಫಾರ್ಮ್ಯಾಟ್

2 ಟಿಬಿಗಿಂತ ದೊಡ್ಡದಾದರೆ ಜಿಪಿಟಿ ಪಾರ್ಟಿಷನ್ ಪಟ್ಟಿ ಬಳಸಿ. ಐ-ಸ್ಕಸಿ ವಾಲ್ಯೂಮ್‌ಗೆ ಲಿನಕ್ಸ್‌ನ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿ) ಸಾಲಿನಲ್ಲಿ _netdev ಆಯ್ಕೆ ಸೇರಿಸಿ, ಇಲ್ಲದಿದ್ದರೆ ನೆಟ್‌ವರ್ಕ್ ಏಳುವ ಮೊದಲೇ ಮೌಂಟ್‌ಗೆ ಹೊರಟು ಬೂಟ್ ನಿಂತೀತು.

ಮುಂದೆಂದಾದರೂ ವಾಲ್ಯೂಮ್ ತೆಗೆಯುವಾಗ ಕ್ರಮ ತಿರುಗಿಸಿ: ಮೊದಲು ಅನ್‌ಮೌಂಟ್, ಆಮೇಲೆ ಸರ್ವರ್‌ನಿಂದ ಡಿಸ್ಕ್ ತೆಗೆಯುವುದು, ಕೊನೆಗೆ ಅರೇಯಲ್ಲಿ ಅನ್‌ಮ್ಯಾಪ್. ಅರೇಯಿಂದ ಶುರು ಮಾಡಿದರೆ ಸರ್ವರ್‌ನಲ್ಲಿ ಸತ್ತ ದಾರಿಗಳು ಉಳಿದುಬಿಡುತ್ತವೆ. ಅದೇ ಲನ್ ಸಂಖ್ಯೆಯನ್ನು ಹೊಸ ವಾಲ್ಯೂಮ್‌ಗೆ ಕೊಟ್ಟಾಗ ಸರ್ವರ್ ಅದನ್ನು ಹಳೆಯದೆಂದೇ ತಿಳಿಯಬಹುದು.