ಆರು ಮೀಟರಿಗೆ ಸಿಕ್ಕಿದ್ದು ಗುಂಡುಕಲ್ಲು: ಸುತ್ತಿಗೆ ಹೊಡೆದು ತೋರಿಸಿದ ನನ್ನ ಅನುಭವ

ಅಡಿಪಾಯಕ್ಕೆ ಬಂಡೆ ಎಷ್ಟು ಆಳದಲ್ಲಿದೆ ಎಂದು ನೋಡಲು ಸೈಟಿನಲ್ಲಿ ಮೂರು ಬೋರ್ ಹಾಕಿದ್ದರು. ಎರಡರಲ್ಲಿ ಸುಮಾರು 6 ಮೀಟರಿಗೇ ರೆಫ್ಯೂಸಲ್, ಅಂದರೆ ಎಷ್ಟು ಹೊಡೆದರೂ ಮುಂದಕ್ಕೆ ಇಳಿಯಲಿಲ್ಲ. ಅರ್ಧ ಮೀಟರ್ ಗ್ರಾನೈಟ್ ಕೋರ್ (ಕೊರೆದು ತೆಗೆದ ಕಲ್ಲಿನ ತುಂಡು) ಕೂಡ ಬಂತು. ಮೂರನೆಯದನ್ನು 7 ಮೀಟರಿಗೆ ನಿಲ್ಲಿಸಿ, "ಬಂಡೆ ಸಿಕ್ಕಿತು, ಇನ್ನೇನು" ಎಂದರು ಸೈಟಿನವರು. ನನಗೆ ಸಂಶಯ ಬಂದದ್ದು ಆ ಮೂರನೆಯದರಿಂದಲೇ. ಕೊನೆಯ ಎಸ್‌ಪಿಟಿ ಬರೀ 25ರ ಹತ್ತಿರ ಇತ್ತು. ಅಂದರೆ ಮಾದರಿ ಕೊಳವೆ 30 ಸೆಂ.ಮೀ. ಇಳಿಯಲು ಅಷ್ಟೇ ಹೊಡೆತ ಸಾಕಾಯಿತು; ಬಂಡೆಯಾದರೆ ಅಷ್ಟಕ್ಕೆ ಇಳಿಯುತ್ತಿರಲಿಲ್ಲ. ಗ್ರಾನೈಟ್ ಕೊಳೆತ ಜಾಗದಲ್ಲಿ ಮಣ್ಣಿನೊಳಗೆ ದೊಡ್ಡ ಗುಂಡುಕಲ್ಲು ಉಳಿದಿರುತ್ತವೆ ಅಲ್ವಾ? ಕೊರೆಯುವ ಬಿಟ್ ಅದಕ್ಕೆ ತಾಗಿದರೂ ಬಂಡೆಯೇ ಅನ್ನಿಸುತ್ತದೆ.

ನೆಲ ಅಗೆಯದೆ ಒಳಗನ್ನು ಅಳೆಯುವ ಸರ್ವೆಗೆ ನಾನು ಕೇಳಿದ್ದು ಒಂದು ಬೋರಿನ ಖರ್ಚಿಗಿಂತ ತುಸು ಜಾಸ್ತಿ. ಕೊಟ್ಟದ್ದು ಅದರ ಅರ್ಧ.

ಮೊದಲು ಜಿಪಿಆರ್ (ರೇಡಿಯೊ ಅಲೆ ಕಳಿಸಿ ನೆಲದೊಳಗೆ ನೋಡುವ ರೇಡಾರ್) ಬಾಡಿಗೆಗೆ ತಂದೆ. ಅದು ನನ್ನ ತಪ್ಪು. ಮೇಲೆ ಒದ್ದೆ ಜೇಡಿಮಣ್ಣು, ಅದು ಆ ಅಲೆಯನ್ನು ನುಂಗುತ್ತದೆ. 100 ಮೆಗಾಹರ್ಟ್ಸ್ ಆಂಟೆನಾ ಹಾಕಿದರೂ ಒಂದು ಮೀಟರಿನಾಚೆ ಏನೂ ಕಾಣಲಿಲ್ಲ. ಕೈಗೆ ಬಂದ ದುಡ್ಡಿನಲ್ಲಿ ಮೂರನೇ ಒಂದು ಪಾಲು ಅಲ್ಲೇ ಹೋಯಿತು.

ಆಮೇಲೆ ರಿಫ್ರಾಕ್ಷನ್, ಅಂದರೆ ನೆಲಕ್ಕೆ ಕಂಪನ ಕೊಟ್ಟು ಅದರ ಅಲೆ ಯಾವ ಆಳದಲ್ಲಿ ಎಷ್ಟು ವೇಗವಾಗಿ ಓಡುತ್ತದೆ ಎಂದು ನೋಡುವುದು. 4 ಮೀಟರಿನ ಕೆಳಗೆ ಸೆಕೆಂಡಿಗೆ 1500–1600 ಮೀಟರ್ ವೇಗ ಬಂತು. "ನೋಡಿ, ಮೆತ್ತಗಿನ ಬಂಡೆ ಶುರುವಾಯಿತು" ಎಂದರು ಸೈಟಿನವರು. ಬೋರಿನಲ್ಲಿ ನೀರು ನಿಂತಿದ್ದೂ 4 ಮೀಟರಿಗೇ. ನೆನೆದ ಮಣ್ಣಿನಲ್ಲೂ ಪಿ ಅಲೆ (ಒತ್ತಿ ಹಿಗ್ಗುತ್ತ ಸಾಗುವ ಈ ಕಂಪನ) ಅಷ್ಟೇ ವೇಗದಲ್ಲಿ ಓಡುತ್ತದೆ ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ.

ಇನ್ನು ಉಳಿದದ್ದು ಎಂಎಎಸ್‌ಡಬ್ಲ್ಯೂ. ನೆಲದ ಮೇಲ್ಮೈಯಲ್ಲಿ ಓಡುವ ಅಲೆಗಳಿಂದ ಎಸ್ ಅಲೆಯ (ಅಡ್ಡಕ್ಕೆ ಅಲುಗುತ್ತ ಸಾಗುವ ಕಂಪನದ) ವೇಗ ಲೆಕ್ಕ ಹಾಕುವ ವಿಧಾನ ಅದು. ಎಸ್ ಅಲೆಗೆ ನೀರಿನ ಗೊಡವೆ ಇಲ್ಲ. 4.5 ಹರ್ಟ್ಸಿನ 24 ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸಾಧನ), 2 ಮೀಟರ್ ಅಂತರ, 8 ಕಿಲೋ ಸುತ್ತಿಗೆ. ಮೊದಲ ದಿನದ ಫಲಿತಾಂಶ ನನ್ನನ್ನೇ ಬೀಳಿಸಿತು. 7 ಮೀಟರಿಗೆ ಬಂಡೆ ಎಂದೇ ಬಂತು! ಎರಡು ರಾತ್ರಿ ನಿದ್ದೆ ಬರಲಿಲ್ಲ. ಕರ್ವ್ (ಯಾವ ಆವರ್ತನದಲ್ಲಿ ಅಲೆಗೆ ಎಷ್ಟು ವೇಗ ಎಂಬ ಗೆರೆ) ಮತ್ತೆ ಮತ್ತೆ ನೋಡಿದಾಗ 14 ಹರ್ಟ್ಸಿನ ಆಸುಪಾಸಿನಲ್ಲಿ ಅದು ಥಟ್ಟನೆ ಮೇಲಕ್ಕೆ ಹಾರಿತ್ತು. ಮೇಲ್ಗಡೆ ರೋಲರ್ ಓಡಿಸಿ ಗಟ್ಟಿ ಮಾಡಿದ ತುಂಬುಮಣ್ಣು ಇತ್ತು. ಗಟ್ಟಿ ಪದರ ಮೇಲೆ, ಮೆತ್ತಗಿನದು ಕೆಳಗೆ ಇದ್ದರೆ ಹೈಯರ್ ಮೋಡ್ (ಅದೇ ಆವರ್ತನದ, ಹೆಚ್ಚು ವೇಗದ ಇನ್ನೊಂದು ಅಲೆ) ಜೋರಾಗುತ್ತದೆ. ಮೂಲ ಅಲೆ ಎಂದುಕೊಂಡು ನಾನು ಆರಿಸಿದ್ದು ಅದನ್ನೇ.

ಮತ್ತೆ ಸೈಟಿಗೆ ಹೋದೆ, ಈ ಸಲ ಸ್ವಂತ ದುಡ್ಡಿನಲ್ಲಿ. ಜಿಯೋಫೋನ್ ಅಲುಗಾಡಿಸದೆ ಸುತ್ತಿಗೆಯನ್ನು ಒಂದು ಸ್ಪ್ರೆಡ್ಡಿನಷ್ಟು (ಜಿಯೋಫೋನ್ ಸಾಲಿನ ಉದ್ದದಷ್ಟು) ಹಿಂದಕ್ಕೆ ಸರಿಸಿ ಇನ್ನೊಮ್ಮೆ ಹೊಡೆದು, ಎರಡೂ ದಾಖಲೆಗಳನ್ನು ಜೋಡಿಸಿ 48 ಚಾನೆಲ್ ಮಾಡಿದೆ. ಮೋಡುಗಳು ಬೇರೆ ಬೇರೆಯಾಗಿ ಕಂಡವು. ದೂರದ ಹೊಡೆತಕ್ಕೆ ಹತ್ತು ಹದಿನೈದು ಸ್ಟ್ಯಾಕ್ ಬೇಕಾಯಿತು, ಅಂದರೆ ಅಷ್ಟು ಸಲ ಹೊಡೆದು ದಾಖಲೆಗಳನ್ನು ಕೂಡಿಸಬೇಕಾಯಿತು. ಜನರೇಟರ್ ನಿಲ್ಲಿಸಿದ ಮೇಲೆ, ಸಂಜೆ ಮಾಡಿದೆ. ಸುತ್ತಿಗೆ ಬೀಳುವ ಪ್ಲೇಟಿನ ಕೆಳಗೆ ಏನು ಹಾಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ನಾಲ್ಕು ವರ್ಷ ಹಿಡಿಯಿತು.

ಈ ಸಲ 6ರಿಂದ 12 ಮೀಟರ್‌ವರೆಗೆ ಎಸ್ ಅಲೆಯ ವೇಗ ಸೆಕೆಂಡಿಗೆ ಸುಮಾರು 250 ಮೀಟರ್. ಬಂಡೆಯಾಗಿದ್ದರೆ 760 ದಾಟಬೇಕಿತ್ತು. ಅದು ದಾಟಿದ್ದು 13 ಮೀಟರ್ ಆಳದ ಹತ್ತಿರ. ಎಂಎಎಸ್‌ಡಬ್ಲ್ಯೂ ಗುಂಡುಕಲ್ಲನ್ನು ತೋರಿಸುವುದಿಲ್ಲ, ನಿಜ. ಆದರೆ ಅದರ ಸುತ್ತಮುತ್ತ ಮೆತ್ತಗಿದೆ ಎಂದು ಚೆನ್ನಾಗಿ ಹೇಳುತ್ತದೆ.

ಕಾಯುವ ಹೊತ್ತಿನಲ್ಲಿ ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಪಕ್ಕದ ರಸ್ತೆಯ ಲಾರಿಗಳ ಸದ್ದನ್ನೇ ಅರ್ಧ ಗಂಟೆ ದಾಖಲಿಸಿದೆ. 6–8 ಹರ್ಟ್ಸಿನಲ್ಲಿ ಸುತ್ತಿಗೆಗಿಂತ ಸ್ವಚ್ಛವಾದ ಕರ್ವ್ ಬಂತು. ಆದರೆ ಜಿಯೋಫೋನ್ ಸಾಲು ರಸ್ತೆಗೆ ಓರೆಯಾಗಿದ್ದಾಗ ವೇಗ ಜಾಸ್ತಿ ತೋರಿಸಿತು. ಹಾಗಾಗಿ ಅದನ್ನು ವರದಿಗೆ ಸೇರಿಸಲಿಲ್ಲ.

ಒಂದು ಬೋರ್ ಇನ್ನೂ ಆಳಕ್ಕೆ ಹಾಕಿ ಎಂದು ಹಟ ಹಿಡಿದೆ. ತಪ್ಪಾದರೆ ಖರ್ಚು ನನ್ನದು ಎಂದೂ ಹೇಳಿದೆ. ಒಂದೂವರೆ ಮೀಟರ್ ಕಲ್ಲು ದಾಟಿದ ಕೂಡಲೇ ಬಿಟ್ ಸರ್ರನೆ ಇಳಿಯಿತು. ಕೆಳಗೆ ಮಣ್ಣು. ನಿಜವಾದ ಬಂಡೆ 14 ಮೀಟರಿಗೆ ಸಿಕ್ಕಿತು. ಡಿಸೈನ್ ಪೈಲ್‌ಗೆ (ಆಳಕ್ಕೆ ಇಳಿಸುವ ಕಂಬದ ಅಡಿಪಾಯಕ್ಕೆ) ಬದಲಾಯಿತು. ನಾನು ಕೈಯಿಂದ ಹಾಕಿದ ದುಡ್ಡೂ ವಾಪಸ್ ಬಂತು.

ಈಶಾನ್ಯ ಮೂಲೆಯಲ್ಲಿ ಮಾತ್ರ ನನ್ನ ಲೆಕ್ಕ 3 ಮೀಟರ್ ತಪ್ಪಿತು. ಅಲ್ಲಿ ಬಂಡೆ ಇಳಿಜಾರಾಗಿದೆ. ಸ್ಪ್ರೆಡ್ಡಿನ ಉದ್ದಕ್ಕೂ ಸರಾಸರಿಯಾಗಿ ಇಳಿಜಾರು ಕಾಣಿಸಲಿಲ್ಲ. ಮುಂದಿನ ಸೈಟಿನಲ್ಲಿ ಅಂತಹ ಕಡೆ 1 ಮೀಟರ್ ಅಂತರದ ಚಿಕ್ಕ ಸ್ಪ್ರೆಡ್ ಹಾಕಿ ನೋಡುತ್ತೇನೆ.