ಅಮ್ಮನ ಐ-94 ಸಿಗದೆ ಪರದಾಡಿದ್ದು, ಕೊನೆಗೆ ಸಿಕ್ಕಿದ್ದು

ಅಮ್ಮ ಬಿ-2 ಅಂದರೆ ಪ್ರವಾಸಿ ವೀಸಾದ ಮೇಲೆ ಅಮೆರಿಕಕ್ಕೆ ಬಂದು ಒಂದು ವಾರವಾಗಿತ್ತು. ಎಷ್ಟು ದಿನ ಇರಬಹುದು ಅಂತ ನೋಡೋಣವೆಂದು, ಅಮೆರಿಕಕ್ಕೆ ಬಂದವರು ಯಾವ ತಾರೀಖಿನವರೆಗೆ ಇರಬಹುದು ಅನ್ನುವ ಸರ್ಕಾರಿ ದಾಖಲೆ ಐ-94 ಅನ್ನು ಆನ್‌ಲೈನ್‌ನಲ್ಲಿ ಅಮ್ಮನ ಹೆಸರು ಹಾಕಿ ಹುಡುಕಿದೆ. ದಾಖಲೆ ಇಲ್ಲ ಅಂತ ಬಂತು. ಮತ್ತೆ ಹಾಕಿದೆ, ಮತ್ತೆ ಅದೇ. ನಿಜಕ್ಕೂ ಭಯವಾಯಿತು. ಅಮ್ಮನಿಗೆ ಹೇಳಲಿಲ್ಲ, ಸುಮ್ನೆ ಗಾಬರಿಯಾಗುತ್ತಾರೆ.

ನಮ್ಮ ಕಡೆ ಹಿರಿಯರಿಗೆ ಸರ್‌ನೇಮ್ ಎಲ್ಲಿರುತ್ತದೆ? ಅಮ್ಮನ ಪಾಸ್‌ಪೋರ್ಟಿನಲ್ಲೂ ಆ ಜಾಗ ಖಾಲಿ. ಇರುವುದು ಒಂದೇ ಹೆಸರು. ನಾನು ಅದನ್ನು ಫಸ್ಟ್ ನೇಮ್‌ನಲ್ಲಿ ಹಾಕಿ, ಅಪ್ಪನ ಹೆಸರನ್ನು ಲಾಸ್ಟ್ ನೇಮ್‌ನಲ್ಲಿ ತುಂಬುತ್ತಿದ್ದೆ.

ರಾತ್ರಿ ಪಾಸ್‌ಪೋರ್ಟ್ ತೆಗೆದು ವೀಸಾ ಅಂಟಿಸಿದ ಪುಟವನ್ನು ದೀಪದ ಕೆಳಗೆ ಹಿಡಿದೆ. ಸರ್‌ನೇಮ್ ಎದುರು ಅಮ್ಮನ ಹೆಸರು. ಗಿವನ್ ನೇಮ್ ಎದುರು 'ಎಫ್‌ಎನ್‌ಯು' ಅನ್ನುವ ಮೂರೇ ಅಕ್ಷರ. ಅಂದರೆ 'ಫಸ್ಟ್ ನೇಮ್ ಅನ್‌ನೋನ್'. ಒಂದೇ ಹೆಸರಿದ್ದವರಿಗೆ ಅಮೆರಿಕದವರು ಹೀಗೆ ಬರೆಯುತ್ತಾರೆ.

ಅದನ್ನೇ ಹಾಗೇ ಹಾಕಿದೆ: ಲಾಸ್ಟ್ ನೇಮ್‌ನಲ್ಲಿ ಅಮ್ಮನ ಹೆಸರು, ಫಸ್ಟ್ ನೇಮ್‌ನಲ್ಲಿ ಎಫ್‌ಎನ್‌ಯು. ತಕ್ಷಣ ಐ-94 ತೆರೆಯಿತು. ಬಂದ ದಿನದಿಂದ ಆರು ತಿಂಗಳು ಕೊಟ್ಟಿದ್ದರು. ಕೂಡಲೇ ಪ್ರಿಂಟ್ ತೆಗೆದಿಟ್ಟೆ.

ಇನ್ನೊಂದು ಮಾತು. ವೀಸಾ ಹತ್ತು ವರ್ಷಕ್ಕಿದೆ ಅಂತ ಬಹಳ ಜನ ನಿಶ್ಚಿಂತೆಯಿಂದ ಇರುತ್ತಾರೆ. ವೀಸಾದ ತಾರೀಖು ಅಮೆರಿಕದ ಬಾಗಿಲಿಗೆ ಬರುವುದಕ್ಕೆ ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಅನ್ನುವುದನ್ನು ಹೇಳುವುದು ಐ-94. ನಿಮ್ಮ ಅಪ್ಪ ಅಮ್ಮ ಬಂದಿದ್ದರೆ ಇವತ್ತೇ ತೆಗೆದು ನೋಡಿ. ಜಾಸ್ತಿ ದಿನ ಇರಬೇಕಿದ್ದರೆ, ಐ-94ರಲ್ಲಿರುವ ತಾರೀಖು ಮುಗಿಯುವ ಮೊದಲೇ ಐ-539 ಅರ್ಜಿ ಹಾಕಬೇಕು.